ಎಸೀಬೇಡ, ಕೊಡು

ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ನನಗಿಂತ ಎತ್ತರದವನು ಯಾರೂ ಇರಲಿಲ್ಲ, ನನಗಿಂತ ಚೆನ್ನಾಗಿ ಆಡುವವನೂ ಇರಲಿಲ್ಲ. ಜಂಬ ಅಂದುಕೊಳ್ಳುವವರು ಅಂದುಕೊಳ್ಳಲಿ, ನಾನು ಇದ್ದದ್ದನ್ನು ಹೇಳುತ್ತಿದ್ದೇನೆ. ಎಲ್ಲರೂ ನನ್ನನ್ನು ಕಂಬ ಎಂದೇ ಕರೆಯುತ್ತಿದ್ದರು. ಬುಟ್ಟಿಯ ಕೆಳಗೆ ನನ್ನ ಕೈಗೆ ಚೆಂಡು ಸಿಕ್ಕಿತೆಂದರೆ ಎರಡು ಅಂಕ ಬಂದ ಹಾಗೆಯೇ. ಆ ವರ್ಷದ ಮೊದಲ ಐದು ಪಂದ್ಯಗಳನ್ನು ನೀರು ಕುಡಿದಷ್ಟು ಸುಲಭವಾಗಿ ಗೆದ್ದೆವು.

ಆರನೆಯ ಪಂದ್ಯದಲ್ಲಿ ನನ್ನ ಹುಳುಕು ಎದುರಾಳಿಗಳಿಗೆ ಗೊತ್ತಾಯಿತು. ಫೌಲ್ ಆದಾಗ ಗೆರೆಯ ಹಿಂದೆ ನಿಂತು, ಯಾರ ಅಡ್ಡಿಯೂ ಇಲ್ಲದೆ, ಒಬ್ಬನೇ ಬುಟ್ಟಿಗೆ ಹಾಕುವ ಅವಕಾಶ ಸಿಗುತ್ತದಲ್ಲ, ಆ ಫ್ರೀ ಥ್ರೋ ನನಗೆ ಒಲಿದಿರಲಿಲ್ಲ. ಹತ್ತು ಹಾಕಿದರೆ ಮೂರು ಬೀಳುತ್ತಿದ್ದವು. ಚೆಂಡು ಸಿಕ್ಕ ತಕ್ಷಣ ಅವರು ನನ್ನ ಕೈ ಹಿಡಿದೆಳೆದು ಫೌಲ್ ಮಾಡುವುದು, ನಾನು ಗೆರೆಗೆ ಹೋಗಿ ಮಾನ ಕಳೆದುಕೊಳ್ಳುವುದು. ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಎರಡು ಪಂದ್ಯಗಳನ್ನು ಒಂದೊಂದೇ ಅಂಕದಿಂದ ಸೋತೆವು. ಆಮೇಲೆ ಕೋಚ್ ಪ್ರತಿ ಪಂದ್ಯದ ಕೊನೆಯ ಎರಡು ನಿಮಿಷ ನನ್ನನ್ನು ಬೆಂಚಿನ ಮೇಲೆ ಕೂರಿಸತೊಡಗಿದರು.

"ಸರ್, ನಾನಿಲ್ದೆ ಹೇಗೆ ಗೆಲ್ತೀರಾ?" ಎಂದು ಕೇಳಿದೆ.

"ನೀನಿದ್ದು ಹೇಗೆ ಸೋತ್ವಿ ಅಂತ ನೋಡಿದ್ನಲ್ಲಪ್ಪ," ಎಂದರು.

ಟವೆಲ್ ಹೊದ್ದು ಕೂತು, ನನ್ನ ಜಾಗದಲ್ಲಿ ಇನ್ನೊಬ್ಬ ಆಡುವುದನ್ನು ನೋಡುವಾಗ ಹೊಟ್ಟೆ ಉರಿಯುತ್ತಿತ್ತು. ಅದು ಕಾಲೇಜಿನಲ್ಲಿ ನನ್ನ ಕೊನೆಯ ವರ್ಷ. ಫೈನಲ್ಲಿನ ಕೊನೆಯ ಎರಡು ನಿಮಿಷ ನಾನು ಅಂಕಣದಲ್ಲಿರಬೇಕು. ನನಗೆ ಬೇಕಿದ್ದುದು ಅಷ್ಟೇ.

ಅಪ್ಪ ಗಾರೆ ಮೇಸ್ತ್ರಿ. ಆಳು ಬಾರದ ದಿನ ನಾನೇ ಹೋಗಿ ಕೆಳಗಿನಿಂದ ಇಟ್ಟಿಗೆ ಕೊಡುತ್ತಿದ್ದೆ, ಅದೂ ಹೈಸ್ಕೂಲಿನ ಕಾಲದಿಂದ. ಈ ಸಂಗತಿ ತಂಡದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಕಾಂಟ್ರಾಕ್ಟರ್ ಎಂದು ಅವರ ಹತ್ತಿರ ಬುರುಡೆ ಬಿಟ್ಟಿದ್ದೆ.

ಒಂದು ಭಾನುವಾರ ಅಪ್ಪ ಬೊಂಬು ಕಟ್ಟಿದ ಸಾರುವೆಯ ಮೇಲೆ ನಿಂತು ಗೋಡೆ ಏರಿಸುತ್ತಿದ್ದ, ನಾನು ಕೆಳಗಿದ್ದೆ. ಇಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಮೊಣಕಾಲು ಬಗ್ಗಿಸಿ, ತೊಡೆಗಳ ನಡುವಿನಿಂದ ಮೇಲಕ್ಕೆ ತೂರಬೇಕು. ಅದು ಅಪ್ಪನ ಎದೆಮಟ್ಟಕ್ಕೆ ಹೋಗಿ ಗಾಳಿಯಲ್ಲಿ ಒಂದು ಕ್ಷಣ ಸುಮ್ಮನೆ ನಿಲ್ಲಬೇಕು, ಆಗ ಅಪ್ಪ ತೆಗೆದುಕೊಳ್ಳುತ್ತಾನೆ. ನಾನು ಕೋಚ್ ಮೇಲಿನ ಸಿಟ್ಟನ್ನೆಲ್ಲ ಇಟ್ಟಿಗೆಯ ಮೇಲೆ ತೀರಿಸುತ್ತಿದ್ದೆ. ಒಂದು ಇಟ್ಟಿಗೆ ಅಪ್ಪನ ಅಂಗೈಗೆ ರಪ್ಪೆಂದು ಬಡಿಯಿತು.

"ಯಾರ ಮೇಲೋ ಸಿಟ್ಟು ನಿಂಗೆ? ಎಸೀಬೇಡ, ಕೊಡು. ಎಷ್ಟು ಸಲ ಹೇಳ್ಬೇಕು?" ಎಂದು ಅಪ್ಪ ರೇಗಿದ.

ಕೊಟ್ಟೆ. ಆಮೇಲಿನ ಐವತ್ತು ಇಟ್ಟಿಗೆಗಳನ್ನು ಅಪ್ಪ ಪಕ್ಕದಲ್ಲಿದ್ದ ಬಡಗಿಯ ಜೊತೆ ಹರಟೆ ಹೊಡೆಯುತ್ತ, ನನ್ನ ಕಡೆ ನೋಡದೆಯೇ ಹಿಡಿದ. ಒಂದೂ ತಪ್ಪಲಿಲ್ಲ. ಅಪ್ಪನ ಕೈ ನೆಲದಿಂದ ಹತ್ತಡಿ ಮೇಲಿತ್ತು, ನಮ್ಮ ಬುಟ್ಟಿಯೂ ಅಷ್ಟೇ ಎತ್ತರ. ನನಗೆ ಬುದ್ಧಿ ಮೊಣಕಾಲಲ್ಲಿದೆ ಎಂದು ಅಮ್ಮ ಹೇಳುತ್ತಿದ್ದುದು ಸುಳ್ಳಲ್ಲ. ಇಷ್ಟು ಹೊಳೆಯಲು ನನಗೆ ಮೂರು ವರ್ಷ ಬೇಕಾಯಿತು.

ಮರುದಿನ ಅಭ್ಯಾಸದಲ್ಲಿ ಹಾಗೆಯೇ, ಕೆಳಗಿನಿಂದ, ಎರಡು ಕೈಯಲ್ಲಿ ಹಾಕಿದೆ.

"ಏನೋ ಕಂಬ, ತೊಟ್ಟಿಲು ತೂಗ್ತಿದೀಯಾ?" ಎಂದು ಕ್ಯಾಪ್ಟನ್ ಹೊಟ್ಟೆ ಹಿಡಿದುಕೊಂಡು ನಕ್ಕ. ಇಪ್ಪತ್ತರಲ್ಲಿ ಹದಿನೇಳು ಬಿದ್ದ ಮೇಲೆ ಅವನ ನಗು ನಿಂತಿತು.

"ಇದನ್ನ ಯಾರು ಹೇಳ್ಕೊಟ್ರು?" ಎಂದು ಕೋಚ್ ಕೇಳಿದರು.

"ಯಾರೂ ಇಲ್ಲ ಸರ್."

ಸೆಮಿಫೈನಲ್ಲಿನಲ್ಲಿ ಸಾವಿರ ಜನರ ಮುಂದೆ ಗೆರೆಯ ಹಿಂದೆ ನಿಂತೆ. ಮೊಣಕಾಲು ಬಗ್ಗಿಸಿದರೆ ನಾನು ಇಟ್ಟಿಗೆ ಹೊರುವವನೆಂದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ ಎನ್ನಿಸಿತು. ಅದು ಹೇಗೆ ಗೊತ್ತಾಗುತ್ತದೆ ಎಂದು ಕೇಳಬೇಡಿ, ನಾಚಿಕೆಗೆ ತರ್ಕವಿಲ್ಲ. ಎಲ್ಲರ ಹಾಗೆ ತಲೆಯ ಮೇಲಿಂದ ಹಾಕಿದೆ. ಎರಡೂ ತಪ್ಪಿದವು. ಕೋಚ್ ಬೆಂಚು ತೋರಿಸಿದರು. ತಂಡ ಹೇಗೋ ಏದುಸಿರು ಬಿಟ್ಟು ಗೆದ್ದಿತು.

"ಅಭ್ಯಾಸದಲ್ಲಿ ಹಾಕ್ದಂಗೆ ಹಾಕ್ತೀಯಾದ್ರೆ ಫೈನಲ್ ಪೂರ್ತಿ ಆಡು. ಆಗಲ್ಲ ಅಂದ್ರೆ ಬೆಂಚ್ ಎಲ್ಲೂ ಓಡಿಹೋಗಲ್ಲ," ಎಂದರು.

ಮನೆಗೆ ಬಂದಾಗ ಅಪ್ಪ ಬಚ್ಚಲಲ್ಲಿ ಕೈ ತೊಳೆಯುತ್ತಿದ್ದ. ಸಿಮೆಂಟು ತಿಂದ ಅಂಗೈ ತುಂಬ ಬಿರುಕು. ಆ ಕೈಯನ್ನು ಇಷ್ಟು ದಿನ ಬಚ್ಚಿಟ್ಟ ನನ್ನ ಮೇಲೆ ನನಗೇ ಅಸಹ್ಯವಾಯಿತು.

"ಅಪ್ಪ, ಶನಿವಾರ ನನ್ನ ಆಟ ನೋಡೋಕೆ ಬಾ."

"ನಿಮ್ಮಾಟ ನಂಗೇನೋ ಗೊತ್ತಾಗುತ್ತೆ?"

"ಗೊತ್ತಾಗುತ್ತೆ, ಬಾ."

ಫೈನಲ್ಲಿನಲ್ಲಿ ಮೂರು ಸೆಕೆಂಡು ಬಾಕಿ ಇದ್ದಾಗ ನಾವು ಒಂದು ಅಂಕ ಹಿಂದಿದ್ದೆವು. ಬುಟ್ಟಿಯ ಕೆಳಗೆ ನನಗೆ ಚೆಂಡು ಸಿಕ್ಕಿತು, ಇಬ್ಬರು ಒಟ್ಟಿಗೆ ನನ್ನ ಮೇಲೆ ಬಿದ್ದು ಫೌಲ್ ಮಾಡಿದರು. ಎರಡು ಫ್ರೀ ಥ್ರೋ, ಒಂದೊಂದಕ್ಕೆ ಒಂದು ಅಂಕ. ನಾನು ತಪ್ಪಿಸುತ್ತೇನೆಂಬ ಖಾತ್ರಿಯಿಂದ ಅವರು ಆಗಲೇ ಕೈ ಕೈ ತಟ್ಟಿಕೊಳ್ಳುತ್ತಿದ್ದರು.

ಚೆಂಡನ್ನು ಕೆಳಗಿಳಿಸಿ ಮೊಣಕಾಲು ಬಗ್ಗಿಸಿದೆ. ಇಡೀ ಸಭಾಂಗಣ ಗೊಳ್ಳೆಂದು ನಕ್ಕಿತು. ತಲೆಯೆತ್ತಿದೆ. ಬುಟ್ಟಿಯ ಹಿಂದಿನ ಮೇಲಿನ ಸಾಲಿನಲ್ಲಿ ಅಪ್ಪ ಕೂತಿದ್ದ, ಕೆಲಸದಿಂದ ನೇರ ಬಂದವನು, ಅಂಗಿಯ ತುಂಬ ಸಿಮೆಂಟು. ಅವನೊಬ್ಬನೇ ನಗುತ್ತಿರಲಿಲ್ಲ. ಅವನ ಎರಡೂ ಕೈಗಳು ತಾವಾಗಿಯೇ ಎದ್ದು ಎದೆಯ ಮುಂದೆ ಬೊಗಸೆಯಾಗಿ ಕಾಯುತ್ತಿದ್ದವು.

ಕೊಟ್ಟೆ. ಚೆಂಡು ರಿಂಗನ್ನು ಸೋಕದೆ ಒಳಗೆ ಬಿತ್ತು. ನಗು ಅರ್ಧಕ್ಕೆ ನಿಂತಿತು. ಎರಡನೆಯದು ರಿಂಗಿಗೆ ಬಡಿದು, ಒಂದು ಸುತ್ತು ಸುತ್ತಿ, ಅದೂ ಬಿತ್ತು. ಎದುರಾಳಿಗಳು ಆ ತುದಿಯಿಂದ ಎಸೆದ ಚೆಂಡು ನಡುಗೆರೆಯನ್ನೂ ದಾಟಲಿಲ್ಲ.

ಗದ್ದಲದಲ್ಲಿ ಅಪ್ಪ ಕೆಳಗಿಳಿದು ಬಂದು ಒಂದು ಮೂಲೆಯಲ್ಲಿ ನಿಂತಿದ್ದ. ಅವನ ಕೈ ಹಿಡಿದು ಎಲ್ಲರ ನಡುವೆ ಕರೆದುಕೊಂಡು ಬಂದೆ.

"ಸರ್, ಯಾರು ಹೇಳ್ಕೊಟ್ರು ಅಂತ ಕೇಳಿದ್ರಲ್ಲ, ಇವ್ರೇ. ನಮ್ಮಪ್ಪ. ಗಾರೆ ಮೇಸ್ತ್ರಿ."

ಕೋಚ್ ಎರಡೂ ಕೈಯಿಂದ ಅಪ್ಪನ ಕೈ ಕುಲುಕಿದರು. ಅಪ್ಪ ಸಂಕೋಚದಿಂದ ತಲೆಯಾಡಿಸಿ ನನ್ನ ಕಡೆ ತಿರುಗಿದ. ಅವನ ಕಣ್ಣು ತುಂಬಿತ್ತು.

"ಮೊದಲ್ನೇದು ಸರಿ ಇತ್ತು ಕಣೋ," ಎಂದ. "ಎರಡನೇದನ್ನ ಎಸೆದ್ಬಿಟ್ಟೆ."