ಹೊತ್ತು ಮುಳುಗುವ ಮುನ್ನ ಒಂದು ಗುಳಿಗೆ

ರಾಜಮತಿಯವರ ಬಲ ಮೊಣಕಾಲಿನ ಕೀಲು ಬದಲಾಯಿಸಿ ಮೂರು ವಾರವಾಗಿತ್ತು. ಮಿರಜಿನಲ್ಲಿ ಹಾಕಿದ ಹೊಲಿಗೆ ಒಣಗಿತ್ತು. ವಾಕರ್ ಹಿಡಿದು ಬಚ್ಚಲಿನವರೆಗೆ ಹೋಗಿ ಬರುತ್ತಿದ್ದರು. ಒಗ್ಗದೆ ಉಳಿದದ್ದು ರಾತ್ರಿ. ನಲವತ್ತು ವರ್ಷ ನೆಲದ ಮೇಲೆ ಎಡಮಗ್ಗುಲಾಗಿ ಮಲಗಿದವರು ಈಗ ಮಂಚದ ಮೇಲೆ, ಹಿಮ್ಮಡಿಯ ಕೆಳಗೆ ದಿಂಬಿಟ್ಟು, ಅಂಗಾತ ಬಿದ್ದಿರಬೇಕು.

"ಯಾರದೋ ಕಾಲ ತಂದು ನನ್ನ ಹಾಸಿಗ್ಯಾಗ ಇಟ್ಟಂಗ ಆಗೇತಿ ನೋಡ" ಎಂದು ಸೊಸೆಗೆ ಹೇಳುತ್ತಿದ್ದರು. "ಅದನ್ನ ಮಲಗಿಸೂದ್ರಾಗ ನನಗ ಬೆಳಗಾಗತೈತಿ."

ಸೊಸೆ ಶುಭಾಂಗಿ ಧಾರವಾಡದಲ್ಲಿ ಎಂ.ಎ. ಓದಿದವಳು. ಮೂಡಲಗಿಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಅತ್ತೆಗಾಗಿ ಎರಡು ತಿಂಗಳು ರಜೆ ಹಾಕಿದ್ದಳು. ಗಂಡ ಶ್ರೇಣಿಕ ಎಂಟು ದಿನದ ಜ್ವರದಲ್ಲಿ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಮನೆಯಲ್ಲಿ ಉಳಿದವರು ಇವರಿಬ್ಬರೇ. ಅವಳು ಅತ್ತದ್ದನ್ನು ಯಾರೂ ನೋಡಿರಲಿಲ್ಲ. ಓಣಿಯವರು ಗಟ್ಟಿ ಹೆಣ್ಣು ಎಂದು ಹೊಗಳುತ್ತಿದ್ದರು. ಹಲ್ಲು ಕೀಳಿಸಿ ಬಂದವರ ತುಟಿಯಂತೆ ಮೈಯೆಲ್ಲ ಜೋಮು ಹಿಡಿದಿದೆ ಎಂದು ಅವಳೂ ಯಾರಿಗೂ ಹೇಳಲಿಲ್ಲ.

ರಾತ್ರಿ ಒಂಬತ್ತಕ್ಕೆ ಒಂದು ಗುಳಿಗೆ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಅದನ್ನು ನುಂಗಿದರೆ ನೋವು ತಗ್ಗುತ್ತದೆ, ನಿದ್ದೆ ಬರುತ್ತದೆ. ಆದರೆ ಹೊತ್ತು ಮುಳುಗಿದ ಮೇಲೆ ರಾಜಮತಿಯವರು ನೀರನ್ನೂ ಮುಟ್ಟುವವರಲ್ಲ. ಬಸದಿಯಲ್ಲಿ ಆ ನೇಮ ತೊಟ್ಟು ಇಪ್ಪತ್ತು ವರ್ಷವಾಗಿತ್ತು. ವಾರಕ್ಕೆರಡು ಸಲ ಗೋಕಾಕದಿಂದ ಬಂದು ಕಾಲಿಗೆ ವ್ಯಾಯಾಮ ಮಾಡಿಸುವ ಫಿರದೋಸ ಎಂಬ ಹುಡುಗಿ ಡಾಕ್ಟರಿಗೆ ಫೋನು ಹಚ್ಚಿ ಕೇಳಿ, ಸಂಜೆಯ ಊಟದ ಜೊತೆಗೇ ಗುಳಿಗೆ ಕೊಟ್ಟರೂ ನಡೆಯುತ್ತದೆ ಎಂದು ತೀರ್ಮಾನ ಮಾಡಿಸಿದಳು. ಹತ್ತು ದಿನ ಹಾಗೇ ನಡೆಯಿತು. ರಾಜಮತಿಯವರು ನಾಲ್ಕರವರೆಗೆ ಮಲಗುತ್ತಿದ್ದರು.

ಹನ್ನೊಂದನೆಯ ದಿನ ಶುಭಾಂಗಿ ಮುಗಿದಿದ್ದ ಗುಳಿಗೆ ತರಲು ಗೋಕಾಕಕ್ಕೆ ಹೋದಳು. ಬರುವಾಗ ಕಲ್ಲೋಳಿಯ ಹತ್ತಿರ ಕಬ್ಬಿನ ಟ್ರ್ಯಾಕ್ಟರ್ ಅಡ್ಡ ನಿಂತು ಬಸ್ಸು ತಡವಾಯಿತು. ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಸೂರ್ಯ ಮುಳುಗಿದ್ದ.

"ಇರಲಿ ಬಿಡ" ಎಂದರು ಅತ್ತೆ. "ಒಂದ ರಾತ್ರಿಗೆ ಏನಾಗತೈತಿ."

ಆ ರಾತ್ರಿ ಅವರಿಗೆ ಐದಾರು ಸಲ ಎಚ್ಚರವಾಯಿತು. ಮುಂಜಾನೆ ಶುಭಾಂಗಿ ಚಹಾ ತಂದಾಗ ರಾಜಮತಿಯವರ ಕಣ್ಣು ಕೆಂಪಾಗಿದ್ದವು, ಮುಖ ಮಾತ್ರ ಹಗುರವಾಗಿತ್ತು.

"ಶ್ರೇಣಿಕ ಬಂದಿದ್ದ. ನನ್ನ ಕಾಲ ಬಾಜೂ ಕುಂತು ಸೇಂಗಾ ಸುಲೀತಿದ್ದ. ಕಣ್ಣ ತೆರದ್ರ ಇಲ್ಲ. ಮತ್ತ ಮುಚ್ಚಿದ್ರ ಅಲ್ಲೇ ಅದಾನ."

ಒಂದೂವರೆ ವರ್ಷದಲ್ಲಿ ಶುಭಾಂಗಿಯ ಕನಸಿಗೆ ಅವನು ಒಮ್ಮೆಯೂ ಬಂದಿರಲಿಲ್ಲ.

"ಏನ ಹಾಕ್ಕೊಂಡಿದ್ರು?"

"ಗೆರಿ ಗೆರಿ ಅಂಗಿ. ತಲಿ ತೊಯ್ದಿತ್ತು."

ಆ ಅಂಗಿ ಯಾವುದೆಂದು ಅವಳಿಗೆ ಗೊತ್ತಿತ್ತು. ಅಡುಗೆಮನೆಗೆ ಹೋಗಿ ಒಲೆಯ ಮುಂದೆ ನಿಂತಳು. ಜೋಮು ಹಿಡಿದ ತುಟಿಗೆ ಮೊದಲ ಸಲ ಸ್ಪರ್ಶ ಮರಳಿದಂತೆ ಒಳಗೆ ಎಲ್ಲೋ ಚುಚ್ಚಿತು. ನೋವೇ, ಆದರೂ ಬೇಕೆನಿಸಿತು.

ಆ ಸಂಜೆ ಊಟ ಬಡಿಸಿ ಗುಳಿಗೆ ಮರೆತಳು. ನಿಜವಾಗಿಯೂ ಮರೆತಿದ್ದಳು. ಮುಂಜಾನೆ ಅತ್ತೆಯ ಮಾತಿನಲ್ಲಿ ಅವನು ಮತ್ತೆ ಬಂದಿದ್ದ, ಕಟ್ಟೆಯ ಮೇಲೆ ಕುಳಿತು ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ. ಅದರ ಮರುದಿನದ ಮರೆವು ಅರ್ಧ ನಿಜ. ನಾಲ್ಕನೆಯ ದಿನ ಗುಳಿಗೆಯ ಸ್ಟ್ರಿಪ್ಪನ್ನು ಕೈಯಲ್ಲೇ ಹಿಡಿದು, ಹಿತ್ತಲ ಗೋಡೆಯ ಮೇಲಿನ ಬಿಸಿಲು ಒಂದೊಂದೇ ಕಲ್ಲು ಬಿಟ್ಟು ಮೇಲೇರುವುದನ್ನು ನೋಡುತ್ತ ನಿಂತಳು. ಡಿಸೆಂಬರಿನ ಹೊತ್ತು, ಬಹಳ ಕಾಯಬೇಕಾಗಲಿಲ್ಲ.

"ಅಯ್ಯ, ಹೊತ್ತ ಮುಳಗೇಬಿಡ್ತಲ್ರಿ ಅತ್ತಿ" ಎಂದಳು ಅತ್ತೆಯ ಬಳಿ ಬಂದು.

ರಾಜಮತಿಯವರು ಅವಳನ್ನೇ ನೋಡಿದರು. "ಹೂಂ. ಮುಳಗ್ತು."

ಎಂಟು ದಿನ ಹೀಗೇ ಕಳೆಯಿತು. ರಾತ್ರಿ ಅತ್ತೆ ನರಳುವುದು, ಇವಳು ಎದ್ದು ಐಸ್ ಚೀಲ ಇಡುವುದು, ಮುಂಜಾನೆ ಚಹಾದ ಜೊತೆ ಅವನ ಸುದ್ದಿ. ಹಗಲು ಅತ್ತೆ ಕುಳಿತಲ್ಲೇ ತೂಕಡಿಸುವರು. ಕಾಲು ಮಡಚಲು ಹೇಳಿದರೆ "ಇವತ್ತ ಬ್ಯಾಡವಾ, ಮೈಯಾಗ ಕಸುವಿಲ್ಲ" ಎನ್ನುವರು. ದಿನವೂ ಶುಭಾಂಗಿಯ ನಾಲಗೆಯ ತುದಿಗೆ ಒಂದು ಪ್ರಶ್ನೆ ಬಂದು ನಿಲ್ಲುತ್ತಿತ್ತು. ಕೇಳುವ ಧೈರ್ಯವಾಗುತ್ತಿರಲಿಲ್ಲ.

ಶುಕ್ರವಾರ ಫಿರದೋಸ ಬಂದು ಕಾಲನ್ನು ಮಡಚಿಸಿ, ಕೋನ ಅಳೆಯುವ ಪ್ಲಾಸ್ಟಿಕ್ ಪಟ್ಟಿ ಹಿಡಿದು ಅಳೆದಳು. ಇನ್ನೊಮ್ಮೆ ಅಳೆದಳು.

"ಏನ್ರೀ ಆಯಿ, ಹ್ವಾದ ವಾರ ಎಪ್ಪತ್ತೆರಡ ಡಿಗ್ರಿ, ಈ ವಾರ ಅರವತ್ತೆಂಟ! ನಿಮ್ಮ ಮೊಣಕಾಲ ಮಾವನ ಮನಿಗೆ ಬಂದ ಅಳಿಯಾ ಆಗೇತ್ರಿ. ಬಗ್ಗಾಕ ಒಲ್ಲೆ ಅಂತೈತಿ."

"ನಿಂದೊಂದ ಮದಿವಿ ಆಗಲಿ ತಡಿ. ಯಾರ ಬಗ್ಗತಾರ ನೋಡೂಣು."

ಫಿರದೋಸ ನಕ್ಕಳು. ಗೂಡಿನಲ್ಲಿದ್ದ ಗುಳಿಗೆಯ ಸ್ಟ್ರಿಪ್ ಕಂಡದ್ದೇ ನಗು ನಿಂತಿತು. "ಇದು ಖಾಲಿ ಆಗಬೇಕಿತ್ತಲ್ರಿ. ಅಕ್ಕಾರ, ಕೊಡಾಕತ್ತಿಲ್ಲೇನ್ರಿ?"

ಶುಭಾಂಗಿ ಬಾಯಿ ತೆರೆಯುವ ಮೊದಲೇ ರಾಜಮತಿಯವರು ಹೇಳಿದರು: "ಆಕಿನ್ನ ಯಾಕ ಕೇಳತಿ? ನಾನ ಒಲ್ಲೆ ಅಂದೇನಿ."

"ನಿದ್ದಿ ಇಲ್ದ ಮೈಯಿಗೆ ವ್ಯಾಯಾಮ ಹತ್ತೂದಿಲ್ರಿ ಆಯಿ. ಬರೂ ಶುಕ್ರವಾರಕ್ಕ ಎಂಬತ್ತರ ಆಗದಿದ್ರ ಮತ್ತ ಮಿರಜಿಗೆ ಕಳಸ್ತಾರು. ಭೂಲು ಕೊಟ್ಟು, ಎಚ್ಚರ ತಪ್ಪಿಸಿ, ಕಾಲ ಹಿಡದು ಒತ್ತಿ ಬಗ್ಗಸ್ತಾರು. ಇಲ್ಲಂದ್ರ ಜನ್ಮ ಇರೂತನಕ ಕಾಲ ಹಿಂಗ ಸೆಟದ ಬಿಡತೈತಿ."

ಫಿರದೋಸ ಹೋದಳು. ರಾಜಮತಿಯವರು ತಮ್ಮ ಕಾಲನ್ನು ಎರಡೂ ಕೈಯಿಂದ ಹಿಡಿದು ಕುಳಿತಿದ್ದರು. ಶುಭಾಂಗಿ ಅದನ್ನು ನೋಡಿ ಅಡುಗೆಮನೆಗೆ ನಡೆದಳು.

ಐದು ಗಂಟೆಗೇ ತಾಟು ತಂದಿಟ್ಟಳು. ರೊಟ್ಟಿ, ಬೇಳೆ, ಪಕ್ಕದಲ್ಲಿ ಗುಳಿಗೆ. ಬಿಸಿಲು ಇನ್ನೂ ಗೋಡೆಯ ನಡುವಿನಲ್ಲಿತ್ತು.

ರಾಜಮತಿಯವರು ಊಟ ಮುಗಿಸಿ ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡರು. ನುಂಗಲಿಲ್ಲ.

"ಇದನ್ನ ತಗೊಂಡ್ರ ಆಂವ ಬರೂದಿಲ್ಲ, ಶುಭಾ."

"ಗೊತ್ತೈತ್ರಿ."

"ಮುಂಜಾನೆ ನಿನಗ ಹೇಳಾಕ ಏನೂ ಇರೂದಿಲ್ಲ."

ಬೇಕಿದ್ದರೆ ಈಗಲೂ ತಡ ಮಾಡಬಹುದು, ಹೊತ್ತು ತಾನಾಗಿ ಮುಳುಗುತ್ತದೆ. ಶುಭಾಂಗಿ ನೆಲಕ್ಕೆ ಕುಳಿತು ತಂಬಿಗೆಯನ್ನು ಹತ್ತಿರ ಎಳೆದುಕೊಂಡಳು.

"ಅವರು ಒಂದಿನರ ಕನಸಿನ್ಯಾಗ ನನ್ನ ಕೇಳಿದ್ರೇನ್ರಿ?"

ರಾಜಮತಿಯವರು ಗುಳಿಗೆಯನ್ನು ಮುಷ್ಟಿಯಲ್ಲಿ ಹಿಡಿದರು. "ನಿನಗ ಸುಳ್ಳ ಹೇಳಲ್ಯಾ? ಇಲ್ಲವಾ. ಕೇಳಿಲ್ಲ."

ಗೋಡೆಯ ಮೇಲೆ ಎರಡು ಸಾಲು ಕಲ್ಲಿನಷ್ಟೇ ಬಿಸಿಲು ಉಳಿದಿತ್ತು.

"ತಗೋರಿ ಅತ್ತಿ" ಎಂದಳು ಶುಭಾಂಗಿ, ನೀರು ಬಗ್ಗಿಸಿ.

ಮರುದಿನ ಬಿಸಿಲು ಅಂಗಳಕ್ಕೆ ಬಂದಮೇಲೆ ರಾಜಮತಿಯವರು ಎದ್ದರು. ಚಹಾ ಕುಡಿದು, "ಬಾವ್ಯಾಗ ಕಲ್ಲ ಬಿದ್ದಂಗ ನಿದ್ದಿ. ಏನೂ ಇಲ್ಲ" ಎಂದರು, ತಪ್ಪು ಮಾಡಿದವರಂತೆ. ಆಮೇಲೆ ತಾವಾಗಿಯೇ ಕಾಲು ಚಾಚಿದರು. ಶುಭಾಂಗಿ ಹಲಗೆಯ ಮೇಲೆ ಪೌಡರ್ ಉದುರಿಸಿ ಹಿಮ್ಮಡಿಯನ್ನು ಅದರ ಮೇಲಿಟ್ಟಳು. ಹಿಮ್ಮಡಿ ನಾಲ್ಕು ಬೆರಳು ಜಾರಿ ಹಿಂದೆ ಬಂದು ನಿಂತಿತು. ಅತ್ತೆಯ ಹಣೆಯಲ್ಲಿ ಬೆವರು.

"ಏನರ ಮಾತಾಡ. ನೀ ಸುಮ್ಮ ಕುಂತ್ರ ನೋವ ಜಾಸ್ತಿ ಆಗತೈತಿ."

"ನಾ ಏನ ಮಾತಾಡ್ಲ್ರಿ?"

"ಹುಕ್ಕೇರ್ಯಾಗ ಒಂದ ವರ್ಷ ಮನಿ ಮಾಡಿದ್ರಿ. ಮೆಟ್ಟಲ ಹತ್ತಾಕ ಆಗಲಿಲ್ಲಂತ ನಾ ಆ ಮನಿ ನೋಡಲೇ ಇಲ್ಲ. ಅಲ್ಲೆ ಆಂವ ಹೆಂಗಿದ್ದ ನನಗೇನ ಗೊತ್ತು? ಇಷ್ಟ ದಿನ ನಾ ಹೇಳೇನಿ. ಈಗ ನಿಂದ ಪಾಳಿ."

ಶುಭಾಂಗಿ ಪೌಡರ್ ಹತ್ತಿದ ತನ್ನ ಬೆರಳುಗಳನ್ನು ನೋಡಿದಳು.

"ಮುಂಜಾನೆ ಏಳತಿರಲಿಲ್ರಿ" ಎಂದಳು ಕೊನೆಗೆ. "ಅಲಾರಾಮ್ ಗಡಿಯಾರಾನ ಸ್ಟೀಲ್ ಬೋಗಣ್ಯಾಗ ಇಡತಿದ್ರು, ಜೋರ ಸಪ್ಪಳ ಆಗಲಿ ಅಂತ. ಅದು ಬಡಕೊಂಡ್ರ ಕೆಳಗಿನ ಮನಿ ದುಂಡವ್ವ ಎದ್ದು ಒಲಿ ಹಚ್ಚತಿದ್ಲು. ಇವರಿಗೆ ಎಚ್ಚರ ಆಗತಿದ್ದಿಲ್ಲ."

ರಾಜಮತಿಯವರು ನಕ್ಕರು. ನಗುವಿನಲ್ಲಿ ಹಿಮ್ಮಡಿ ಇನ್ನೊಂದು ಬೆರಳು ಜಾರಿತು. ನೋವಿಗೆ ಮಂಚದ ಅಂಚು ಹಿಡಿದುಕೊಂಡರು.

"ಮುಂದ?"

ಶುಭಾಂಗಿ ಕಣ್ಣು ಒರೆಸಿಕೊಂಡದ್ದಕ್ಕೆ ಕೆನ್ನೆಗೆಲ್ಲ ಪೌಡರ್ ಹತ್ತಿತು. ಅತ್ತೆ ಕಾಯುತ್ತಿದ್ದರು, ಕಾಲು ಮಡಚಿದಷ್ಟಕ್ಕೇ ನಿಂತಿತ್ತು. ಶುಭಾಂಗಿ ಮುಂದಿನದನ್ನು ಹೇಳಿದಳು.