ಕಿತ್ತಳೆ ಹಾಲಿನ ಅಣಬೆ

ಅತ್ತೆ ಪೈನ್ ಕಾಡಿನಿಂದ ತಂದ ಅಣಬೆಗಳನ್ನು ಸೊಸೆ ಒಂದೊಂದಾಗಿ ಕೊಯ್ದು ನೋಡುತ್ತಿದ್ದಳು. ಕೊಯ್ದಲ್ಲಿ ಕಿತ್ತಳೆ ಬಣ್ಣದ ಹಾಲು ಒಸರಬೇಕು. ಬಿಳಿ ಹಾಲು ಬಂದರೆ ಅದು ಹೊಟ್ಟೆ ಕೆಡಿಸುವ ಜಾತಿ. ಹಾಗೆಂದು ಕಲಿಸಿದವಳೂ ಅತ್ತೆಯೇ.

ಒಂದರಲ್ಲಿ ಬಿಳಿ ಹಾಲು ಬಂತು.

“ಅತ್ತೆ, ಇದು ನಮ್ಮ ಅಣಬೆ ಅಲ್ಲ.”

“ನಮ್ಮಮ್ಮಂಗೇ ಪಾಠನಾ?” ಎಂದು ಗಂಡ ನಕ್ಕ.

“ಯಾರು ತಂದ್ರೂ ಬಿಳಿ ಬಿಳೀನೇ ರೀ. ಇದು ಒಲೆ ಮೇಲೆ ಏರಲ್ಲ.”

ಅತ್ತೆ ಕನ್ನಡಕ ಏರಿಸಿ ನೋಡಿದಳು. ತನ್ನ ಕಣ್ಣು ಮೋಸಹೋಗಿದ್ದು ನಿಜ. ಆದರೂ ಅವಳ ಎದೆ ತುಂಬಿ ಬಂತು. ಕಣ್ಣು ಮಂಜಾಗುವ ಹೊತ್ತಿಗೆ ದೇವರು ಮನೆಗೆ ಇನ್ನೊಂದು ಜೋಡಿ ಕಣ್ಣು ಕಳಿಸಿದ್ದ.

“ಹಲ್ಲು ಕಿರೀಬೇಡ, ನಿನ್ನ ಹೊಟ್ಟೆ ಕಾದವಳು ಅವಳು,” ಎಂದು ಮಗನನ್ನು ಗದರಿ, ತನ್ನ ಚಾಕುವನ್ನು ಸೊಸೆಯ ಕೈಗಿತ್ತಳು. “ನಾಳೆಯಿಂದ ಕಾಡಲ್ಲಿ ನೀನು ಮುಂದೆ ನಡಿಯಮ್ಮ. ಬುಟ್ಟಿ ನಾನು ಹೊರ್ತೀನಿ.”