ಎರಡು ಗುಂಡಿನ ಉಸಿರು

ನಾನು ಒಂದು ಉಸಿರಾಟದ ಆಟಿಕೆ. ಡಾಕ್ಟರು ನನಗೊಂದು ಉದ್ದನೆಯ ಹೆಸರಿಟ್ಟಿದ್ದಾರೆ. ನನ್ನ ಕೈಗೆ ಸಿಗುವ ರೋಗಿಗಳಿಗೆ ಅದನ್ನು ಹೇಳುವಷ್ಟು ಉಸಿರಿರುವುದಿಲ್ಲ. ಪ್ಲಾಸ್ಟಿಕ್ಕಿನ ಮೂರು ಗೂಡು, ಗೂಡಿಗೊಂದು ಹಗುರವಾದ ಗುಂಡು, ಬದಿಯಲ್ಲೊಂದು ಕೊಳವೆ. ಬಾಯಿಟ್ಟು ಗಾಳಿಯನ್ನು ಒಳಗೆಳೆದರೆ ಗುಂಡುಗಳು ಒಂದೊಂದಾಗಿ ಮೇಲೇಳುತ್ತವೆ. ಕಾರ್ಖಾನೆಯ ಅಚ್ಚಿನಿಂದ ಬಿಸಿಬಿಸಿಯಾಗಿ ಬಿದ್ದವನು ನನ್ನಂಥವರ ಜೊತೆ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿ, ಇನ್ನೂ ಕಾಣದ ಯಾರದೋ ಉಸಿರಿನ ಕನಸು ಕಾಣುತ್ತಿದ್ದೆ.

ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ನನ್ನನ್ನು ಬಿಚ್ಚಿ ಮಾನಪ್ಪ ಪತ್ತಾರರ ಎದೆಯ ಮೇಲಿಟ್ಟರು. ಅವರು ಗದಗಿನ ಅಕ್ಕಸಾಲಿಗರು. ವಾರಗಟ್ಟಲೆ ಐಸಿಯುನಲ್ಲಿ ಯಂತ್ರದ ಉಸಿರಿನಲ್ಲಿದ್ದು ಆಗಷ್ಟೇ ವಾರ್ಡಿಗೆ ಬಂದಿದ್ದರು. ಕೈಗಳು ಎಷ್ಟು ಸೊರಗಿದ್ದವೆಂದರೆ ನಾನೇ ಅವರಿಗೆ ಭಾರ.

"ಗುಂಡು ಮ್ಯಾಲ ಏರಸ್ರಿ" ಎಂದು ನರ್ಸ್ ರೋಹಿಣಿ ಹೇಳಿ ಹೋದಳು. ಮಾನಪ್ಪ ಕೆನ್ನೆ ಉಬ್ಬಿಸಿ ಊದಿದರು. ಊದುಗೊಳವೆಯಿಂದ ದೀಪದ ಉರಿಯನ್ನು ಊದಿ ಊದಿ ಬಂಗಾರ ಬೆಸೆದ ಬಾಯಿ ಅದು, ಬೇರೇನು ಮಾಡೀತು? ಗುಂಡುಗಳು ಮಿಸುಕಲಿಲ್ಲ. ಮತ್ತೆ ಊದಿದರು. ರೋಹಿಣಿ ತಿರುಗಿ ಬರುವಷ್ಟರಲ್ಲಿ ಅಳುತ್ತಿದ್ದರು.

"ನಂದು ಮುಗೀತವ್ವಾ. ಒಂದು ಗುಂಡ ಸೈತ ಅಲಗಾಡ್ವಲ್ದು."

"ಊದಬ್ಯಾಡ್ರಿ ಕಾಕಾರ, ಒಳಗ ಎಳಕೊಳ್ರಿ!"

ಎಳೆದರು. ಮೊದಲ ಗುಂಡು ನಡುಗಿತು, ಎದ್ದಿತು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಅವರ ಜೊತೆ ನಾನೂ ಗದಗಿಗೆ ಬಂದೆ. ನೋಡಲು ಬಂದವರೆಲ್ಲ "ಪಾರಾದ್ರಿ ಬಿಡ್ರಿ" ಎಂದು ಚಹಾ ಕುಡಿದು ಹೋದರು. ಕಿಟಕಿಯ ಕಟ್ಟೆಯ ಮೇಲೆ ಕೂತಿದ್ದ ನನಗೆ ಬೇರೆಯದೇ ಕಾಣುತ್ತಿತ್ತು. ಅಂಗಿಯ ಗುಂಡಿ ಹಾಕಿಕೊಳ್ಳುವಷ್ಟರಲ್ಲಿ ಅವರು ದಣಿಯುತ್ತಿದ್ದರು. ಹಾಡಹಗಲಲ್ಲೇ ಕಣ್ಣು ಮುಚ್ಚಿದರೆ ಯಾವುದೋ ಬಾವಿಯ ತಳಕ್ಕೆ ಇಳಿಯುತ್ತಿದ್ದರು. ಮೇಲೆ ಬಂಗಾರದ ನೀರು ತೇಲುತ್ತಿತ್ತಂತೆ, ಯಾರೋ ಅವರ ಹೆಸರು ಕರೆಯುತ್ತಿದ್ದರಂತೆ. ಐಸಿಯುನಲ್ಲಿ ಬೀಳುತ್ತಿದ್ದ ಆ ಕನಸು ಮನೆಯವರೆಗೂ ಬೆನ್ನು ಹತ್ತಿ ಬಂದಿತ್ತು. ಆಗೆಲ್ಲ ಅವರ ಕೈ ನನ್ನನ್ನು ತಡಕುತ್ತಿತ್ತು. ಒಂದು ಗುಂಡು ಏರಿದರೆ ಅವರು ಮತ್ತೆ ಮನೆಯಲ್ಲಿರುತ್ತಿದ್ದರು.

ಅವರ ಮಗಳು ವನಮಾಲಾಳ ಮದುವೆ ಅಪ್ಪನ ಕಾಯಿಲೆಯಿಂದಾಗಿ ಮುಂದೆ ಹೋಗಿತ್ತು. ಮಗಳ ತಾಳಿಯನ್ನು ಅಪ್ಪನೇ ಊದಿ ಬೆಸೆಯುವುದು ಆ ಮನೆಯ ಪದ್ಧತಿ.

"ನಿಮ್ಮ ತಮ್ಮನ ಕಡಿಂದ ಮಾಡ್ಸೋಣು" ಎಂದರು ಹೆಂಡತಿ ಕಾಳವ್ವ, ಮೆಲ್ಲಗೆ.

ಮಾನಪ್ಪ ಗೋಡೆಯ ಕಡೆಗೆ ಹೊರಳಿದರು. ಮರುದಿನದಿಂದ ನನಗೆ ಬಿಡುವೇ ಸಿಗಲಿಲ್ಲ. ಬೇಸಿಗೆ ಕಳೆಯಿತು, ಶ್ರಾವಣ ಕಳೆಯಿತು. ಎರಡನೆಯ ಗುಂಡು ಎದ್ದಿತು. ಮೂರನೆಯದು ಮಾತ್ರ ಹಟ ಹಿಡಿದು ತಳದಲ್ಲೇ ಕೂತಿತು.

ತಾಳಿ ಮಾಡುವ ದಿನ ನನ್ನನ್ನೂ ಊದುಗೊಳವೆಯ ಪಕ್ಕ ಇಟ್ಟುಕೊಂಡರು. ಊದಿದರು. ಉರಿ ಚಾಚಿತು, ಬೆಸುಗೆ ಕರಗುವ ಮೊದಲೇ ಕುಸಿಯಿತು. ಕೆಮ್ಮು. ಕಾಳವ್ವ ಬಾಯಿಗೆ ಸೆರಗು ಒತ್ತಿಕೊಂಡರು. ಆಗ ಮಾನಪ್ಪ ಊದುಗೊಳವೆ ಕೆಳಗಿಟ್ಟು ನನ್ನನ್ನು ಎತ್ತಿಕೊಂಡರು. ನಿಧಾನವಾಗಿ ಎಳೆದರು, ಎರಡು ಗುಂಡು ಎದ್ದು ನಿಂತವು. ಆ ಉಸಿರನ್ನು ಎದೆಯಲ್ಲೇ ಹಿಡಿದು ಮತ್ತೆ ಊದುಗೊಳವೆಗೆ ಬಾಯಿಟ್ಟರು. ಬೆಸುಗೆ ಮಿನುಗಿತು, ಹರಿಯಿತು, ಕೂಡಿತು.

"ಕೂಡ್ತು" ಎಂದರು. ಅಷ್ಟೇ. ವನಮಾಲಾ ಅಪ್ಪನ ಬೆನ್ನಿಗೆ ಹಣೆ ಹಚ್ಚಿ ಅತ್ತಳು.

ಅದಾಗಿ ವರ್ಷಗಳಾದವು. ನನ್ನ ಮೈ ಹಳದಿಯಾಗಿದೆ, ಕೊಳವೆ ಪೆಡಸಾಗಿದೆ. ಮಾನಪ್ಪ ಈಗಲೂ ಮೆಟ್ಟಿಲ ನಡುವೆ ನಿಂತು ಸುಧಾರಿಸಿಕೊಳ್ಳುತ್ತಾರೆ; ಬಾವಿಯ ಕನಸು ಅಪರೂಪಕ್ಕೊಮ್ಮೆ ಬಂದು ಹೋಗುತ್ತದೆ. ನನ್ನ ಪೆಟ್ಟಿಗೆಯಲ್ಲಿದ್ದವರು ಯಾರ ಯಾರ ಮನೆ ಸೇರಿದರೋ, ಆ ಮನೆಗಳಲ್ಲಿ ಯಾರು ಉಳಿದರೋ. ಆಸ್ಪತ್ರೆಯ ಬಾಗಿಲು ದಾಟಿದ ಮೇಲೂ ಬದುಕುವುದು ಬಹಳ ಬಾಕಿ ಇರುತ್ತದೆ.

ನಿನ್ನೆ ವನಮಾಲಾಳ ಮಗಳು ಓಡುತ್ತ ಬಂದು ನನ್ನ ಕೊಳವೆಗೆ ಬಾಯಿಟ್ಟು, ಕೆನ್ನೆ ಉಬ್ಬಿಸಿ, ಜೋರಾಗಿ ಊದಿದಳು. ಗುಂಡುಗಳು ಮಿಸುಕಲಿಲ್ಲ.

ಮಾನಪ್ಪ ನಕ್ಕರು. ನಡುವೆ ಒಮ್ಮೆಯೂ ಕೆಮ್ಮದೆ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು.

"ಊದಬ್ಯಾಡ ನಮ್ಮವ್ವಾ," ಎಂದರು, "ಒಳಗ ಎಳಕೋ."